ಅಮೃತಪ್ಪನ ಛತ್ರಿ ಗಿಡವಾದದ್ದು

ಅಮೃತಪ್ಪ: ಇದು ಕಸದಾಗ ಒಗಿಯೋ ಸಾಮಾನ ಅಂತ ನಿನಗ ಯಾರು ಹೇಳ್ಯಾರ?

ರೂಪಾಲಿ: ಕಡ್ಡಿ ಮುರದಿತ್ತರಿ, ಮಾವಾರ.

ಅಮೃತಪ್ಪ: ಮುರದದ್ದು ಒಂದ ಕಡ್ಡಿ. ಉಳದವೆಲ್ಲ ಜೀವಂತ ಇದ್ದುವು!

ರೂಪಾಲಿ: ಮ್ಯಾಲ ಅರಿವಿನೂ ಇರಲಿಲ್ಲರಿ.

ಅಮೃತಪ್ಪ: ಅರಿವಿ ಹರೀತಂದ್ರ ಮನಶ್ಯಾನ್ನ ಒಗಿತಾರೇನು?

ಕಂದಲಗಾಂವದಲ್ಲಿ ಅಮೃತಪ್ಪನ ಮನೆಯ ಪಡಸಾಲೆ. ನಡುವೆ ಒಂದು ಗಿಡ ನಿಂತಿದೆ. ಅರ್ಧ ತೆರೆದ ಹಳೆ ಛತ್ರಿಯ ಎಲುಬುಗೂಡು, ಅದಕ್ಕೆ ಹೊದಿಸಿದ ಹರಿದ ಹಸಿರು ಬಲೆ, ಕಡ್ಡಿಗಳ ತುದಿಯಲ್ಲಿ ತೂಗುವ ಬಣ್ಣಬಣ್ಣದ ಮುಚ್ಚಳಗಳು. ಸೊಸೆ ರೂಪಾಲಿ ಸೋಲಾಪುರದ ಒಂದು ಚಿಕ್ಕಮಕ್ಕಳ ಶಾಲೆಗೆ ಟೀಚರಾಗಿ ಸೇರಿ ಇನ್ನೂ ತಿಂಗಳಾಗಿಲ್ಲ. ಟೀಚರುಗಳೆಲ್ಲ ಸ್ಪರ್ಧೆಗೆಂದು ಕಸದಿಂದ ಕ್ರಿಸ್‌ಮಸ್ ಗಿಡ ಮಾಡಿ ತರಬೇಕೆಂದು ಅಲ್ಲಿಯ ದೊಡ್ಡ ಮ್ಯಾಡಮ್ ಹೇಳಿದ್ದಾರೆ. ನಾಳೆ ಬೆಳಿಗ್ಗೆ ಒಯ್ಯಬೇಕು. ಅತ್ತೆ ದ್ರೌಪದಿ ಹೊಸ್ತಿಲ ಬಳಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಾಳೆ.

ಅಮೃತಪ್ಪ: ಈ ಬಲಿ ಎಲ್ಲಿಂದು?

ರೂಪಾಲಿ: ಶೆಡ್ಡಿನಾಗ ಬಿದ್ದಿತ್ತರಿ.

ಅಮೃತಪ್ಪ: ಬಿದ್ದಿರಲಿಲ್ಲ. ಇಟ್ಟಿದ್ದೆ.

ದ್ರೌಪದಿ: ಇಲಿ ಅದರಾಗ ಮರಿ ಹಾಕಿದ್ದುವು.

ಅಮೃತಪ್ಪ: ನೋಡು! ಇಲಿಗಿ ಗೊತ್ತಾತು ಅದರ ಕಿಮ್ಮತ್ತು. ನಿಮಗ ಗೊತ್ತಾಗಲಿಲ್ಲ.

ರೂಪಾಲಿ: ‘ಟಾಕಾಊದಿಂದ ಟಿಕಾಊ’ ಅಂತ ಸಾಲ್ಯಾಗ ಹೇಳ್ಯಾರರಿ. ಒಗಿಯೋದರಿಂದ ಬಾಳಿಕಿ ಬರೋದು ಮಾಡಬೇಕಂತ.

ಅಮೃತಪ್ಪ: ನಂದು ಮೊದಲ ಟಿಕಾಊನೇ ಇತ್ತು! ನೀ ಬಂದು ಟಾಕಾಊ ಮಾಡಿದಿ. ಈ ಮುಚ್ಚಳ?

ರೂಪಾಲಿ: ಬರೇ ಮುಚ್ಚಳ ಇದ್ದುವರಿ. ಬಾಟ್ಲಿ ಇಲ್ಲ.

ಅಮೃತಪ್ಪ: ನಾಳಿ ಮುಚ್ಚಳ ಇಲ್ಲದ ಬಾಟ್ಲಿ ಸಿಕ್ಕರ?

ದ್ರೌಪದಿ: ಆ ಶೆಡ್ಡಿನಾಗ ಎಲ್ಲಾ ಸಿಗತದ, ಯವ್ವಾ. ಕಾಲಿಡಾಕ ಜಾಗಾ ಒಂದ ಸಿಗಂಗಿಲ್ಲ. ಛತ್ರಿ ತಗದ ಕೊಟ್ಟಾಕಿ ನಾನ.

ಅಮೃತಪ್ಪ: ನೀನ? ಇದ ಛತ್ರಿ ಹಿಡಕೊಂಡ ನಾ ನಿಮ್ಮೂರ ದುಧನಿಗಿ ನಿನ್ನ ನೋಡಾಕ ಬಂದಿದ್ದೆ. ನೆಪ್ಪಿಲ್ಲೇನು?

ದ್ರೌಪದಿ: ನೆಪ್ಪದ. ಅಲ್ಲೇ ಮೋಸ ಆತು. ಛತ್ರಿ ಅಡ್ಡ ಇತ್ತು, ಮಾರಿ ಪೂರಾ ಕಾಣಲಿಲ್ಲ. ಹೂಂ ಅಂದಬಿಟ್ಟೆ.

ರೂಪಾಲಿಗೆ ನಗು ಬರಲಿಲ್ಲ. ಅವಳು ಗಿಡದ ಮುಂದೆ ಕೂತು ಮುಚ್ಚಳಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

ರೂಪಾಲಿ: ನಿಮ್ಮ ಲಗ್ನದ ಛತ್ರಿ ಅಂತ ನನಗ ಗೊತ್ತಿರಲಿಲ್ಲರಿ, ಮಾವಾರ. ಬಿಚ್ಚಿ ಕೊಡತೀನಿ. ನಾಳಿ ಬರೇ ಕೈಲೆ ಹೋಗತೀನಿ.

ದ್ರೌಪದಿ: ಹೊಸಾ ನೌಕರಿ. ಎಲ್ಲಾರ ಮುಂದ ಹುಡಿಗಿ ಮಾರಿ ಸಣ್ಣದು ಮಾಡ್ಕೊಂಡ ನಿಂದ್ರತಾಳ. ಇವರಿಗಿ ಮಾತ್ರ ಛತ್ರಿ ಭದ್ರ ಇರಬೇಕು.

ಅಮೃತಪ್ಪ ಅತ್ತ ನೋಡಿದ, ಇತ್ತ ನೋಡಿದ. ಕೆಮ್ಮಿದ. ಮತ್ತೆ ಗಿಡವನ್ನೇ ನೋಡಿದ.

ಅಮೃತಪ್ಪ: ತಡಿ, ತಡಿ. ತಂತಿ ಹಿಂಗ ಯಾರರ ಕಟ್ಟತಾರೇನು? ಸೋಲಾಪುರ ಮುಟ್ಟೂದರಾಗ ಇದು ಗಿಡ ಅಲ್ಲ, ಕಟಗಿ ಹೊರಿ ಆಗತದ. ಪಕ್ಕಡ ಕೊಡು ಇಲ್ಲಿ.

ಪಕ್ಕಡದಿಂದ ತಂತಿ ಬಿಗಿದ. ಮುರಿದ ಕಡ್ಡಿಗೆ ಸೈಕಲ್ಲಿನ ಕಡ್ಡಿಯೊಂದನ್ನು ಜೋಡಿಸಿದ. ತುಕ್ಕು ಹಿಡಿದ ಗುಂಡಿಗೆ ಕುಸುಬಿ ಎಣ್ಣೆ ಬಿಟ್ಟು ಒತ್ತಿದ. ಗಿಡ ಸರ್ರನೆ ಮುಚ್ಚಿಕೊಂಡಿತು. ಮತ್ತೆ ಮೇಲಕ್ಕೆ ತಳ್ಳಿದರೆ ಗಲಗಲ ಎಂದು ಅರಳಿತು.

ಅಮೃತಪ್ಪ: ಬಸ್ಸಿನಾಗ ಮುಚ್ಚಿ ಒಯ್ಯಿ, ಸಾಲ್ಯಾಗ ತಗಿ. ಆದ್ರ ಸಂಜಿಗಿ ವಾಪಸ್ ಬರಬೇಕು.

ದ್ರೌಪದಿ: ಸೊಸಿನೋ, ಛತ್ರಿನೋ?

ಅಮೃತಪ್ಪ: ಎರಡೂ.

ಮರುದಿನ ಸಂಜೆ ರೂಪಾಲಿ ಓಡುತ್ತಲೇ ಬಂದಳು. ಕೈ ಖಾಲಿ.

ರೂಪಾಲಿ: ಮಾವಾರ, ಪೈಲಾ ನಂಬರ್! ಗಿಡ ತಗದು ಮುಚ್ಚಿ ತೋರಿಸಿದ್ರ ಮಕ್ಕಳು ಕುಣದಾಡಿದ್ವು.

ಅಮೃತಪ್ಪ: ಛತ್ರಿ ಎಲ್ಲಿ?

ರೂಪಾಲಿ: ದೊಡ್ಡ ಮ್ಯಾಡಮ್ ಸಾಲ್ಯಾಗ ಇಟ್ಕೊಂಡಾರರಿ. ಗೆದ್ದ ಗಿಡ ಅಂತರಿ.

ಅಮೃತಪ್ಪ: ಗೆದ್ದರ ಇಟ್ಕೋತಾರ? ಕುಸ್ತಿ ಗೆದ್ದಾವನ ಲಂಗೋಟಿ ಕಸಗೋತಾರೇನು? ನಾಳಿ ನಾನ ಹೋಗತೀನಿ.

ರೂಪಾಲಿ: ಮಾವಾರ, ಜಗಳ ಮಾಡಬ್ಯಾಡ್ರಿ. ನನ್ನ ನೌಕರಿ ಹೋಗತದ!

ಅಮೃತಪ್ಪ: ಜಗಳ ಯಾಕ? ಛತ್ರಿ ಕೇಳಿ ತರತೀನಿ.

ಮರುದಿನ ಅವನು ಹೋದ. ಏನಾಗುತ್ತದೋ ಎಂದು ಹೆದರಿದ ರೂಪಾಲಿ ರಜೆ ಹಾಕಿ ಮನೆಯಲ್ಲೇ ಉಳಿದಳು. ಮಧ್ಯಾಹ್ನವಾದರೂ ಸುದ್ದಿಯಿಲ್ಲ. ಸಂಜೆಯ ಹೊತ್ತಿಗೆ ಬಾಗಿಲ ಮುಂದೆ ಒಂದು ಟೆಂಪೋ ನಿಂತಿತು. ಡ್ರೈವರನ ಪಕ್ಕದಿಂದ ಅಮೃತಪ್ಪ ಇಳಿದ. ಅವನ ಕೈಯೂ ಖಾಲಿ. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ದ್ರೌಪದಿ: ಛತ್ರಿ ಕೊಡಲಿಲ್ಲೇನು?

ಅಮೃತಪ್ಪ: ಕೊಡಾಕತ್ತಿದ್ರು. ನಾನ ಬಿಟ್ಟ ಬಂದೆ.

ದ್ರೌಪದಿ: ನೀವು? ಬಿಟ್ಟ ಬಂದ್ರಿ?

ಅಮೃತಪ್ಪ: ಒಂದ ಸಣ್ಣ ಪೋರಿ ಅದರ ಬುಡಕ ಕುಂತಿತ್ತು. ಏಳವ್ವಾ ಅಂದೆ. ‘ಅಜ್ಜಾ, ನೆರಳದ, ನೀನೂ ಕುಂದ್ರು’ ಅಂತು. ಬರೇ ಬಲಿ ಅದ, ಎಲ್ಲಿ ನೆರಳು! ಆದ್ರೂ ಕುಂತೆ. ಕುಂತಮ್ಯಾಲ ಕಿತ್ಕೊಂಡ ಬರಾಕ ಮನಸ ಆಗಲಿಲ್ಲ.

ದ್ರೌಪದಿಯ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. ಗಂಡ ಒಂದು ವಸ್ತುವನ್ನು ತಾನಾಗಿ ಬಿಟ್ಟು ಬಂದದ್ದನ್ನು ಅವಳು ಕಂಡದ್ದು ಇದೇ ಮೊದಲು. ಸೆರಗಿನಿಂದ ಕಣ್ಣೊರೆಸಿಕೊಂಡು, ಚಹಾಕ್ಕೆ ಇಡಬೇಕೆಂದು ಎದ್ದವಳಿಗೆ ಟೆಂಪೋ ಇನ್ನೂ ಅಲ್ಲೇ ನಿಂತಿರುವುದು ಕಂಡಿತು.

ದ್ರೌಪದಿ: ಮತ್ತ ಈ ಟೆಂಪೋ ಯಾಕ ಬಂದದ?

ಡ್ರೈವರ್ ಹಿಂದಿನ ಹಲಗೆ ಇಳಿಸಿದ. ಒಳಗೆ ರಟ್ಟಿನ ಗಿಡ, ಬಾಟಲಿ ಗಿಡ, ಹಳೆ ಪೇಪರಿನ ಗಿಡ, ಥರ್ಮಾಕೋಲಿನ ಗಿಡ; ಒಂದರ ಮೇಲೊಂದು ಹೇರಿದ್ದವು.

ರೂಪಾಲಿ: ಅಯ್ಯಯ್ಯ! ಇವು ನಮ್ಮ ಟೀಚರುಗಳ ಗಿಡರಿ!

ಅಮೃತಪ್ಪ: ನಂಬರ್ ಬರಲಿಲ್ಲಂತ ಎಲ್ಲಾ ಕಸದ ಗಾಡಿಗಿ ಹಾಕಾಕತ್ತಿದ್ರು. ಕಣ್ಣಿಲೆ ನೋಡ್ಕೋತ ಹೆಂಗ ಬರಲಿ?

ದ್ರೌಪದಿ: ಒಂದ ಗಿಡ ಮನಿ ಬಿಟ್ಟು ಹೋತು ಅಂತ ಬಿರೋಬಾ ದೇವರಿಗಿ ಕಾಯಿ ಒಡಸಾಕ ಹೊಂಟಿದ್ದೆ. ಈ ಮನಶ್ಯಾ ಅಡವಿನೇ ಹೇರ್ಕೊಂಡ ಬಂದಾನಲ್ಲೋ ಯಪ್ಪಾ!

ಅಮೃತಪ್ಪ: ಒದರಬ್ಯಾಡ, ಕೈ ಹಚ್ಚು. ಸಾವಕಾಶ ಇಳಸು... ಎಳೀ ಗಿಡ ಅದಾವ.