ಮುಯ್ಯಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ

"ಸೇವಿಂಗ್ಸ್ ಏನ್ ಮಡಗಿದ್ದೀಯಪ್ಪ?" ಎಂದು ಹುಡುಗಿಯ ಸೋದರಮಾವ ಕೇಳಿದಾಗ ನನ್ನ ಬಾಯಲ್ಲಿ ಅರ್ಧ ಚಕ್ಕುಲಿ ಇತ್ತು. ಜಗಿದರೆ ಸದ್ದು, ನುಂಗಿದರೆ ಗಂಟಲಿಗೆ ಅಪಾಯ. ನುಂಗಿಯೇ ಬಿಟ್ಟೆ. ಕಣ್ಣಲ್ಲಿ ನೀರು ಬಂತು. ಆ ನೀರು ತುಂಬಿಕೊಂಡೇ, "ಆರ್‌ಡಿ ಐತೆ ಸಾ, ಎಸ್‌ಬಿ ಅಕೌಂಟೂ ಐತೆ, ಮಿನಿಮಮ್ ಬ್ಯಾಲೆನ್ಸ್ ಕೆಳಕ್ಕೆ ಬುಟ್ಟಿಲ್ಲ" ಎಂದೆ. ಪಕ್ಕದಲ್ಲಿ ಕೂತಿದ್ದ ನನ್ನ ಚಿಕ್ಕಮ್ಮನ ಮಗಳು ಪವಿತ್ರ, ಪರೀಕ್ಷೆಯಲ್ಲಿ ದಡ್ಡ ಹುಡುಗ ಸರಿಯುತ್ತರ ಬರೆದದ್ದನ್ನು ನೋಡಿದ ಮೇಷ್ಟರ ಹಾಗೆ ಸಮಾಧಾನದಿಂದ ಕಾಫಿ ಹೀರಿದಳು. ಅವ್ವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಮಗ ಏನೋ ದೊಡ್ಡದು ಹೇಳಿದ ಎಂದು ಸೆರಗು ಸರಿಮಾಡಿಕೊಂಡಳು. ಇದು ನಡೆದದ್ದು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿ, ಹೆಣ್ಣು ನೋಡಲು ಹೋದ ಮನೆಯಲ್ಲಿ. ಎಸ್ಸೆಸ್ಸೆಲ್ಸಿ ದಾಟದ ನನ್ನ ಬಾಯಿಗೆ ಈ ಮಾತೆಲ್ಲ ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಚನ್ನರಾಯಪಟ್ಟಣದಲ್ಲಿ ನನ್ನದೊಂದು ಲಗೇಜ್ ಆಟೋ ಇದೆ. ನುಗ್ಗೇಹಳ್ಳಿ ಕಡೆಯಿಂದ ತೆಂಗಿನಕಾಯಿ ತರುತ್ತೇನೆ, ಬೆಳಗೊಳದಲ್ಲಿ ಯಾತ್ರಿಕರು ಜಾಸ್ತಿಯಾದಾಗ ಅಲ್ಲಿನ ಲಾಡ್ಜುಗಳಿಗೆ ಹಾಸಿಗೆ ಹೊರುತ್ತೇನೆ. ಕೆಲಸಕ್ಕೆ ಕೊರತೆಯಿಲ್ಲ. ಕೊರತೆಯಿದ್ದದ್ದು ಹೆಣ್ಣಿಗೆ. ಹೊಳೆನರಸೀಪುರದಲ್ಲಿ ಒಬ್ಬರು ತಿಂಗಳಿಗೆ ಎಷ್ಟು ಬರುತ್ತದೆ ಎಂದು ಕೇಳಿದರು. ನಮ್ಮ ಆಟೋ ಸ್ಟ್ಯಾಂಡಿನಲ್ಲಿ ತಿಂಗಳು ಎಂಬುದೇ ಇಲ್ಲ. ಬಾಡಿಗೆ ಸಿಕ್ಕ ದಿನ, ಸಿಗದ ದಿನ, ಇಷ್ಟೇ. "ಬಂದಂಗೆ" ಎಂದೆ. ಅವರು ನಾವು ಎದ್ದು ಹೋಗಲಿ ಎಂದು ಗೋಡೆ ನೋಡುತ್ತ ಕೂತರು. ಹಾಸನದಲ್ಲಿ ಹುಡುಗಿಯೇ ಸಾಲ ಇದೆಯಾ ಎಂದು ಕೇಳಿದಳು. ಆಟೋ ಮೇಲೆ ಸಾಲ ಐತೆ ಎಂದೆ. ನನಗೆ ಸುತ್ತಿಬಳಸಿ ಮಾತಾಡಲು ಬರುವುದಿಲ್ಲ. ಮಾರನೆಯ ದಿನ ದಲ್ಲಾಳಿ ಬಂದು, ಗಂಡು ಸಾಲಗಾರ ಅಂತ ಅಂದುಬಿಟ್ಟರು ಎಂದ.

ಇದನ್ನು ಕೇಳಿ ಬಿದ್ದು ಬಿದ್ದು ನಕ್ಕವಳು ಪವಿತ್ರ. ಹಾಸನದ ಒಂದು ಫೈನಾನ್ಸ್ ಆಫೀಸಿನಲ್ಲಿ ಅವಳಿಗೆ ಕೆಲಸ. "ಸಾಲ ಅಂತ ಯಾಕಣ್ಣ ಅಂದೆ? ವೆಹಿಕಲ್ ಲೋನ್ ಐತೆ, ಇಎಂಐ ಕರೆಕ್ಟಾಗಿ ಓಯ್ತಾ ಐತೆ ಅನ್ಬೇಕು. ಅದೇ ದುಡ್ಡು, ಆದ್ರೆ ಕುರ್ಚಿ ಹಾಕ್ತಾರೆ" ಎಂದಳು. ಅವಳು ಹೇಳಿದ್ದು ನಿಜ. ಸಾಲ ಎಂದರೆ ತಲೆ ಬಗ್ಗಿಸಬೇಕು, ಲೋನ್ ಎಂದರೆ ಕಾಲ ಮೇಲೆ ಕಾಲು ಹಾಕಬಹುದು. ಅಂದಿನಿಂದ ಫೋನಿನಲ್ಲೇ ಪಾಠ. ಇನ್‌ಕಂ, ಎಕ್ಸ್‌ಪೆನ್ಸ್, ಡ್ಯೂ ಡೇಟ್, ಪ್ರೀಮಿಯಂ, ನಾಮಿನಿ. ಆಟೋ ಓಡಿಸುತ್ತ ಬಾಯಿಪಾಠ ಮಾಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ನುಗ್ಗೇಹಳ್ಳಿಯ ಕಾಯಿ ವ್ಯಾಪಾರಿ ಒಂದು ದಿನ, ಯಾವ ದೇವರಿಗೆ ಹರಕೆ ಹೊತ್ತಿದ್ದೀಯ ಎಂದು ವಿಚಾರಿಸಿದ. ಹೇಳಿದೆ. ಅವನು, ನಮ್ಮ ಕಾಲದಲ್ಲಿ ಹಲ್ಲು ನೋಡಿ ಹೆಣ್ಣು ಕೊಡುತ್ತಿದ್ದರು ಎಂದ.

ಪಾಠ ಕೇಳುವಾಗೆಲ್ಲ ನನಗೆ ಅಜ್ಜಿಯ ನೆನಪು. ಅವಳ ಸೆರಗಿನಲ್ಲಿ ಮೂರು ಗಂಟು ಇರುತ್ತಿದ್ದವು. ಒಂದು ಬಸ್ಸಿಗೆ, ಒಂದು ಎಲೆ ಅಡಿಕೆಗೆ, ಮೂರನೆಯದು ಯಾತಕ್ಕೆ ಎಂದು ಯಾರೂ ಕೇಳುವ ಹಾಗಿಲ್ಲ. ಎಲೆ ಅಡಿಕೆ ಗಂಟು ಖಾಲಿಯಾದರೆ ಬಾಯಿ ಒಣಗಿಸಿಕೊಂಡು ಕೂರುತ್ತಿದ್ದಳೇ ಹೊರತು ಬಸ್ಸಿನ ಗಂಟಿಗೆ ಕೈ ಹಾಕುತ್ತಿರಲಿಲ್ಲ. ಪವಿತ್ರ ಇದಕ್ಕೆ ಬಜೆಟ್ ಎಂದಳು. ಹಾಗಾದರೆ ಮೂರನೆಯದು ಎಂದೆ. ಎಮರ್ಜೆನ್ಸಿ ಫಂಡ್ ಎಂದಳು. ಅಜ್ಜಿ ಸತ್ತ ದಿನ ಆ ಗಂಟು ಬಿಚ್ಚಿ ಅವಳ ಮಣ್ಣಿನ ಖರ್ಚಿಗೆ ಹಾಕಿದ್ದರು. ಸರಿಯಾಗಿ ಸಾಕಾಗಿತ್ತು. ಆ ಮುದುಕಿ ಯಾರ ಹತ್ತಿರ ಪಾಠ ಹೇಳಿಸಿಕೊಂಡಿತ್ತೋ.

ಇನ್ವೆಸ್ಟ್‌ಮೆಂಟ್ ಎಂಬ ಮಾತು ಬಂದದ್ದು ಕೊನೆಗೆ, ಮಲ್ಲಿಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ. ಇವತ್ತು ಕೈಬಿಟ್ಟ ದುಡ್ಡು ಮುಂದೆ ಬೆಳೆದು ವಾಪಸ್ ಬರುವುದು ಎಂದಳು ಪವಿತ್ರ. ನಿನಗೆ ಅದಿಲ್ಲ, ಕೇಳಿದರೆ ಪ್ಲಾನ್ ಮಾಡ್ತಿದ್ದೀನಿ ಅನ್ನು ಎಂದೂ ಹೇಳಿದಳು. ನಾನು ಕಿಟಕಿಯಿಂದ ಆಚೆ ನೋಡುತ್ತ ಅಪ್ಪನನ್ನು ನೆನೆಸಿಕೊಂಡೆ. ನಮ್ಮ ಕಡೆ ಮದುವೆಮನೆಯಲ್ಲಿ ಮುಯ್ಯಿ ಹಾಕುತ್ತಾರೆ. ಅವರ ಮನೆಯ ಮದುವೆಗೆ ನೀವು ಪಾತ್ರೆಯೋ ದುಡ್ಡೋ ಕೊಟ್ಟರೆ, ನಿಮ್ಮ ಮನೆಯ ಮದುವೆಗೆ ಅವರು ಒಂದು ಕೈ ಜಾಸ್ತಿ ಸೇರಿಸಿ ತಿರುಗಿ ಕೊಡಬೇಕು. ಅಪ್ಪ ನನ್ನನ್ನು ಟಿವಿಎಸ್ ಗಾಡಿಯ ಮುಂದೆ ನಿಲ್ಲಿಸಿಕೊಂಡು ಎಷ್ಟು ಮದುವೆಗೆ ಹೋಗಿದ್ದಾನೋ. ಊಟದ ಚಪ್ಪರದ ಪಕ್ಕ ಮೇಜು ಹಾಕಿಕೊಂಡು ಒಬ್ಬರು ಮೈಕಿನಲ್ಲಿ ಮುಯ್ಯಿ ಓದುತ್ತಿದ್ದರು. ಅಪ್ಪನ ಹೆಸರು ಬರುವ ತನಕ ನಾವು ಎಲೆಯ ಮುಂದೆ ಕೂರುವ ಹಾಗಿರಲಿಲ್ಲ. ಪಾಯಸದ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ನಾನು ಅವನ ಪಂಚೆ ಜಗ್ಗುತ್ತಿದ್ದೆ. ಹೆಸರು ಕೇಳಿದ ಮೇಲೆ ಅವನ ಮುಖ ನೋಡಬೇಕಿತ್ತು. ಮನೆಯಲ್ಲಿ ಗ್ಯಾಸ್ ಮುಗಿದು ಸೌದೆ ಉರಿಸುತ್ತಿದ್ದ ದಿನವೂ ಅದೇ ಮುಖ. ಇಷ್ಟೆಲ್ಲ ಯಾಕೆ ಕೊಡ್ತೀಯ ಎಂದು ಅವ್ವ ಬೈದರೆ, ಮಗನ ಮದುವೆಗೆ ಬರುತ್ತೆ ಬಿಡೇ ಎನ್ನುತ್ತಿದ್ದ. ಆ ಮದುವೆ ನೋಡಲು ಅವನೇ ಉಳಿಯಲಿಲ್ಲ.

ಈಗ ಮತ್ತೆ ಆ ನಡುಮನೆಗೆ ಬರುತ್ತೇನೆ. ಹುಡುಗಿ ಲತಾ ತಟ್ಟೆ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಇನ್ಶೂರೆನ್ಸಿಗೆ ನಾಮಿನಿ ಯಾರು ಎಂದು ಸೋದರಮಾವ ಕೇಳಿದರು. "ಸದ್ಯಕ್ಕೆ ನಮ್ಮವ್ವ" ಎಂದು ಅವಳ ಕಡೆ ನೋಡಿದೆ. ತಟ್ಟೆಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಇಲ್ಲಿಯ ತನಕ ನನಗೆ ಹೆಣ್ಣು ಸಿಕ್ಕರೆ ಸಾಕು ಎಂದಿತ್ತು. ಆ ನಗು ನೋಡಿದ ಮೇಲೆ ಇವಳೇ ಆಗಬೇಕು ಎನಿಸಿತು. ಕೆಲಸ ಕೆಟ್ಟದ್ದೇ ಅಲ್ಲಿ. ಧೈರ್ಯ ಹೆಚ್ಚಾಯಿತು. ಇನ್ವೆಸ್ಟ್‌ಮೆಂಟ್ ಏನಾದರೂ ಎಂದು ಸೋದರಮಾವ ಕೇಳಿದ್ದಕ್ಕೆ ಪ್ಲಾನ್ ಮಾಡುತ್ತಿದ್ದೇನೆ ಎನ್ನುವುದನ್ನು ಬಿಟ್ಟು, ಎದೆಯುಬ್ಬಿಸಿ, "ಐತೆ ಸಾ. ನಮ್ಮಪ್ಪ ನಾಲ್ಕು ತಾಲ್ಲೂಕಲ್ಲಿ ಮುಯ್ಯಿ ಮಡಗವ್ನೆ. ಎಲ್ಲಾ ನನ್ನ ಮದ್ವೆಗೆ ಬತ್ತದೆ" ಎಂದೆ. ಅಷ್ಟಕ್ಕಾದರೂ ನಿಲ್ಲಿಸಬಾರದಿತ್ತೇ. ಹುಡುಗಿಯ ಅಪ್ಪನ ಕಡೆ ತಿರುಗಿ, "ನಿಮ್ಮನೇಲೂ ಐತೆ. ನಿಮ್ ದೊಡ್ಡ ಮಗಳ ಮದ್ವೇಲಿ ಹಿತ್ತಾಳೆ ಕೊಳಗ" ಎಂದುಬಿಟ್ಟೆ.

ಲತಾಳ ಅಪ್ಪ ಪುಟ್ಟಸ್ವಾಮಣ್ಣ ಹೆಗಲ ಮೇಲಿನ ಟವೆಲ್ ತೆಗೆದು ಮಡಿಚತೊಡಗಿದರು. ಹಾಸನದ ಆಲೂಗಡ್ಡೆ ಮಾರ್ಕೆಟ್ಟಿನಲ್ಲಿ ಅಪ್ಪನಿಗೂ ಅವರಿಗೂ ಹಳೆಯ ಸ್ನೇಹ, ಈ ಸಂಬಂಧ ಬಂದದ್ದೇ ಅದರಿಂದ. ಕೊಳಗದ ವಿಷಯ ಅವರಿಗೆ ಗೊತ್ತು, ಅವ್ವನಿಗೆ ಗೊತ್ತು. ಆದರೆ ಮುಯ್ಯಿಯನ್ನು ತೆಗೆದುಕೊಂಡವನು ನೆನಪಿಡಬೇಕು, ಕೊಟ್ಟವನು ಮರೆತ ಹಾಗೆ ಇರಬೇಕು. ಬಾಯಿಬಿಟ್ಟರೆ ಬಾಗಿಲಿಗೆ ಬಂದು ವಸೂಲಿ ಮಾಡಿದ ಹಾಗೆ. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ, ಯಾಕೆಂದರೆ ನಮ್ಮ ಕಡೆ ಇದನ್ನು ಹೇಳಿಕೊಟ್ಟೇ ತಿಳಿಯಬೇಕಾದ ಗಂಡಸು ನನಗಿಂತ ಮುಂಚೆ ಹುಟ್ಟಿರಲಿಲ್ಲ. ಅವ್ವ ತಲೆ ಎತ್ತಲಿಲ್ಲ. ಪವಿತ್ರಳ ಕಾಫಿ ಲೋಟ ಅರ್ಧಕ್ಕೇ ನಿಂತಿತ್ತು. ಲತಾ ಒಳಗೆ ಹೋದಳು.

ಪುಟ್ಟಸ್ವಾಮಣ್ಣ ಬಸ್ ಸ್ಟಾಪಿನ ತನಕ ಬಂದರು. ಅವ್ವ, ಪವಿತ್ರ ಮುಂದೆ ನಡೆದರು. ನಾನೇ ಕ್ಷಮಿಸಿ ಎಂದೆ. ಅವರಿಗೆ ಸಿಟ್ಟೇನೂ ಇರಲಿಲ್ಲ, ಅದೇ ಕಷ್ಟವಾದದ್ದು. "ಹುಡ್ಗ ಒಳ್ಳೇನು ಅಂತ ನಂಗೊತ್ತು ಕಣಪ್ಪ. ನೀನು ಬಾಯಿ ಬುಡ್ದೆ ಇದ್ದಿದ್ರೆ ಹೆಣ್ಣು ಕೊಟ್ಬುಡ್ತಿದ್ದೆ" ಎಂದರು. ಈಗಲೂ ಕೊಡಿ ಎಂದೆ. "ಎಂಗ್ ಕೊಡ್ಲಿ? ಹೆಣ್ಣಿನ ಅಪ್ಪ ಅಳಿಯಂಗೆ ಕೊಟ್ಟಿದ್ದು ಬಳುವಳಿ ಆಯ್ತದೆ, ಮುಯ್ಯಿ ಆಗಲ್ಲ. ನೀನು ನಾಕ್ ಜನದ ಮುಂದೆ ಕೇಳಿದ್ದೀಯ. ಕೊಳಗ ತೀರ್ಸಕಾಗ್ದೆ ಮಗಳ್ನ ಕೊಟ್ಟ ಅಂತಾರೆ ಕಣ್ಲಾ ನನ್ನ. ನಿಮ್ಮಪ್ಪನ ಮುಯ್ಯಿ ನಾನು ಮದ್ವೆಗೆ ಬಂದೋನಾಗಿ ನಿಂತ್ಕೊಂಡೇ ಓದುಸ್ಬೇಕು. ಅದಕ್ಕೆ ನೀನು ಬೇರೆ ಕಡೆ ಮದ್ವೆ ಆಗ್ಬೇಕು" ಎಂದರು. ಎಲ್ಲಿ ಹುಡುಕಿದರೂ ಲೆಕ್ಕ ಸರಿಯಾಗಿಯೇ ಇತ್ತು. ಬಸ್ಸಿನಲ್ಲಿ ಪವಿತ್ರಳನ್ನು, ಇದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದೆ. ಅವಳು ಅರಕಲಗೂಡು ದಾಟುವ ತನಕ ಯೋಚಿಸಿ, ನಮ್ಮ ಆಫೀಸಲ್ಲಿ ಇಂಥದ್ದಿಲ್ಲ ಎಂದಳು.

ಲತಾಳಿಗೆ ಬೇರೆ ಕಡೆ ಮದುವೆ ಆಯಿತು. ಹಾಸನದ ಛತ್ರದಲ್ಲಿ. ಕಾರ್ಡಿನಲ್ಲಿ ಉಡುಗೊರೆ ಬೇಡ ಎಂದು ಅಚ್ಚು ಹಾಕಿಸಿದ್ದರು. ಅವ್ವ ಅದನ್ನು ಓದಿಸಿಕೊಂಡು ಕೇಳಿ, ಆದರೂ ಒಂದು ಕವರ್ ಕೊಟ್ಟು ಕಳಿಸಿದಳು. ಮೈಕೂ ಇಲ್ಲ, ಮೇಜೂ ಇಲ್ಲ. ಪುಟ್ಟಸ್ವಾಮಣ್ಣ ಬೇರೆ ಎಲ್ಲೋ ನೋಡುತ್ತ ಕವರ್ ಜೇಬಿಗೆ ಹಾಕಿಕೊಂಡರು. ಅವರ ಭಾರ ಎರಡಾಯಿತು. ಅಂದಿನಿಂದ ನನ್ನ ಮದುವೆಗೆ ನನಗಿಂತ ಅವಸರ ಅವರಿಗೇ. ಸಿಕ್ಕ ಸಿಕ್ಕ ಊರಿನಲ್ಲಿ ಹೆಣ್ಣು ವಿಚಾರಿಸುತ್ತಾರೆ, ದಲ್ಲಾಳಿಗಿಂತ ಚೆನ್ನಾಗಿ ನನ್ನನ್ನು ಹೊಗಳುತ್ತಾರಂತೆ. ನಿನ್ನೆಯೂ ಫೋನ್ ಮಾಡಿದ್ದರು. "ಹೊಳೆನರಸೀಪುರದ ತಾವ ಒಳ್ಳೆ ಮನೆ ಐತೆ ಕಣಪ್ಪ, ಭಾನುವಾರ ಬಾ. ಬಂದು ಬಾಯ್ ಮುಚ್ಕೊಂಡು ಕಾಫಿ ಕುಡಿ" ಎಂದರು.

ಹೋಗುತ್ತೇನೆ. ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.