ಕಾಪ್ಪೀಡು ಬೇಕೇ, ಅತ್ತೆ?

ಚೆನ್ನೈನ ಕನ್ನಡದ ಮನೆಗಳಿಗೆ ಆರೋಗ್ಯ ವಿಮೆ ಮಾರುವುದು ನನ್ನ ಕೆಲಸ. ನಾನು ಹೇಳಿದ್ದೇನು, ಅವರು ಕೇಳಿಸಿಕೊಂಡದ್ದೇನು ಎಂದು ವಾಪಸು ಬರುವಾಗ ಬಸ್ಸಿನಲ್ಲಿ ತಲೆ ಕೆರೆದುಕೊಳ್ಳುವುದೂ ಆ ಕೆಲಸದಲ್ಲೇ ಸೇರಿದೆ.

ಎರಡು ಲೋಟ

ತಮಿಳಿನಲ್ಲಿ ವಿಮೆಗೆ ‘ಕಾಪ್ಪೀಡು’ ಎನ್ನುತ್ತಾರೆ. ಹೊಸತರಲ್ಲಿ ಸೌಕಾರ್‌ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರ ಮನೆಗೆ ಹೋಗಿ, ಇವರಿಗೆ ತಮಿಳೇ ಸಲೀಸು ಎಂದುಕೊಂಡು ಕಾಪ್ಪೀಡಿನಿಂದಲೇ ಶುರುಮಾಡಿದೆ. ಕಿವಿ ಮಂದವಾಗಿದ್ದ ಅಜ್ಜಿ ಅಡುಗೆಮನೆ ಕಡೆ ತಿರುಗಿ, “ಕಾಪಿ ಇಡಬೇಕಂತೆ, ಇಡ್ರೇ” ಎಂದರು. ನಾನು ಮತ್ತೆ ಬಿಡಿಸಿ ಹೇಳಿದೆ. ಇನ್ನೊಂದು ಲೋಟ ಬಂತು. ಅಂದು ಪಾಲಿಸಿಯೂ ಆಗಲಿಲ್ಲ, ನಿದ್ದೆಯೂ ಬರಲಿಲ್ಲ.

ಪಾಲಿಸಿಯ ಶಕ್ತಿ

ಆ ವ್ಯಾಪಾರಿ ಆಮೇಲೆ ಪಾಲಿಸಿ ಮಾಡಿಸಿದರು. ವರ್ಷ ಕಳೆದ ಮೇಲೆ ಕರೆಸಿ, ಮನೆಯಲ್ಲಿ ಯಾರಿಗೂ ನೆಗಡಿ ಕೂಡ ಬಂದಿಲ್ಲವಲ್ಲ ಎಂದರು. ದುಡ್ಡು ವಾಪಸು ಕೇಳುತ್ತಾರೆಂದುಕೊಂಡೆ.

“ಇಷ್ಟು ಶಕ್ತಿ ಇದೆ ಅಂತ ಗೊತ್ತಿರಲಿಲ್ಲಮ್ಮ. ಮಗಳ ಮನೆಗೂ ಒಂದು ಕೊಡಿ.”

ತಿದ್ದಬೇಕೋ ಬಿಡಬೇಕೋ ತಿಳಿಯದೆ ಫಾರಂ ಕೊಟ್ಟುಬಂದೆ.

ನಮ್ಮ ಮನೆ

ಊರಿಗೆಲ್ಲ ಮಾರಿದರೂ ವೇಲಚೇರಿಯ ನಮ್ಮ ಮನೆಯಲ್ಲಿ ನನಗೆ ಬೋಣಿಯೇ ಇಲ್ಲ. ಗಂಡ, ಅಮ್ಮನನ್ನು ಕೇಳು ಎನ್ನುತ್ತಾರೆ. ಉಡುಪಿ ಕಡೆಯಿಂದ ಬಂದು ನಮ್ಮೊಡನಿರುವ ಅತ್ತೆ, ಮಗನನ್ನು ಕೇಳು ಎನ್ನುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ, “ನಂಗೆ ಎಂತ ರೋಗ ಉಂಟು ಮಾರಾಯ್ತಿ? ಒಳ್ಳೇದು ಮಾತಾಡು” ಎಂದು ಅತ್ತೆ ಎದ್ದು ಹೋಗುತ್ತಾರೆ. ಬರುವ ಹುಟ್ಟುಹಬ್ಬ ದಾಟಿದರೆ ಕಂಪನಿ ಅವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಅವರು ಗೋಡೆ ಹಿಡಿದು ನಡೆಯುವುದನ್ನು ಕಂಡಾಗೆಲ್ಲ ನನಗೆ ಹೆದರಿಕೆ. ಕಾಡಿ ಬೇಡಿ ಅರ್ಜಿಗೆ ಸಹಿ ಹಾಕಿಸಿದೆ. ನನ್ನ ಬಾಯಿ ಮುಚ್ಚಿಸಲಿಕ್ಕೆಂದೇ ಹಾಕಿದರಂತೆ.

ಒಂದು ಫೋನು

ನಾನಿಲ್ಲದಾಗ ಕಂಪನಿಯ ಹುಡುಗಿ ವಿಚಾರಿಸಲು ಫೋನ್ ಮಾಡಿದಳು. ಅತ್ತೆಗೆ ಬರುವುದು ತರಕಾರಿ ಅಂಗಡಿಯ ತಮಿಳು. ಕಾಪ್ಪೀಡು ಬೇಕೇ ಎಂದು ಅವಳು ಕೇಳಿದ್ದಾಳೆ. ಬೇಡ, ಈಗಷ್ಟೇ ಕುಡಿದೆ ಎಂದಿದ್ದಾರೆ ಇವರು. ದಿನಾ ಕುಡಿಯುತ್ತೀರಾ ಎಂದು ಅವಳು. ಬೆಳಿಗ್ಗೆ ಎದ್ದ ಕೂಡಲೇ ಬೇಕು, ಸಂಜೆಯೂ ಬೇಕು, ಇಲ್ಲದಿದ್ದರೆ ಕೈಕಾಲು ಆಡುವುದಿಲ್ಲ, ಸೊಸೆಯೇ ಮನೆಯಲ್ಲಿ ಕಾಸಿಕೊಡುತ್ತಾಳೆ ಎಂದು ಇವರು.

ಮರುದಿನ ಮ್ಯಾನೇಜರ್ ನನ್ನನ್ನು ಕರೆದು ಬಾಗಿಲು ಹಾಕಿದರು. ಅತ್ತೆಯ ರಕ್ತಪರೀಕ್ಷೆ ಆಗದೆ ಅರ್ಜಿ ಮುಂದೆ ಹೋಗುವುದಿಲ್ಲ ಎಂದರು. ಕಾಸುವುದನ್ನು ಯಾವಾಗ ಶುರುಮಾಡಿದೆ ಎಂದೂ ಮೆಲ್ಲಗೆ ವಿಚಾರಿಸಿದರು.

ವಿಷಯ ತಿಳಿದದ್ದೇ ಅತ್ತೆಗೆ ಸಿಟ್ಟು ನೆತ್ತಿಗೇರಿತು. ರೋಗವೇ ಇಲ್ಲ ಎನ್ನುತ್ತಿದ್ದವರು ತಾವೇ ಆಟೋ ಹತ್ತಿ, ಎಷ್ಟು ಬೇಕಾದರೂ ರಕ್ತ ತೆಗೆಯಲಿ ಎಂದು ಲ್ಯಾಬಿನಲ್ಲಿ ಕೈ ಚಾಚಿದರು. ಹುಟ್ಟುಹಬ್ಬಕ್ಕೆ ಮೊದಲೇ ಪಾಲಿಸಿ ಬಂತು. ಸಮಾಧಾನಕ್ಕೆ ನನಗೆ ಅಳುವೇ ಬಂತು. ಅತ್ತೆ ಪಾಲಿಸಿಯನ್ನು ಹಿಡಿದು ಎದುರು ಫ್ಲ್ಯಾಟಿಗೆ ಹೋಗಿ, ತಾನು ಕುಡುಕಿಯಲ್ಲ ಎಂದು ಕಂಪನಿಯೇ ಬರೆದುಕೊಟ್ಟಿದೆ ಎಂದು ತೋರಿಸಿ ಬಂದರು.

ಈಗ ವರ್ಷ ತುಂಬುವ ಮೊದಲು ನೆನಪಿಸುವವರೂ ಅವರೇ.

“ರಿನ್ಯೂ ಮಾಡಿಸಿದ್ಯಾ? ಇಲ್ಲದಿದ್ರೆ ಮುದುಕಿ ಮತ್ತೆ ಶುರು ಮಾಡಿದ್ದಾಳೆ ಅಂತ ಜನ ತಿಳ್ಕೊಳ್ತಾರೆ.”