ಸ್ಪೀಕರ್ ಗಂಡನ ಚಹಾ

ಹೆಣ್ಣುಮಕ್ಕಳು ಲೋಕಸಭೆಗೆ ಹೋಗಬೇಕು ಎನ್ನುವ ವಿಷಯದಲ್ಲಿ ನನ್ನಷ್ಟು ಉದಾರಿ ಜಮಖಂಡಿಯಲ್ಲಿ ಇನ್ನೊಬ್ಬನಿಲ್ಲ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವನು ನಾನು. ಗಂಡಸರ ಟೋಪಿಗಳ ನಡುವೆ ಅಲ್ಲೊಂದು ಇಲ್ಲೊಂದು ಸೆರಗು ಕಾಣುತ್ತಿದ್ದ ಮೊದಲ ಲೋಕಸಭೆಯಿಂದ ಹಿಡಿದು, ಮೂರರಲ್ಲೊಂದು ಕುರ್ಚಿ ಅವರಿಗೇ ಎಂದು ಕಾಯ್ದೆಯಾದ ಈ ಕಾಲದವರೆಗೆ ಪಾಠ ಮಾಡುವಾಗ ನನ್ನ ದನಿ ಗದ್ಗದವಾಗುತ್ತದೆ. ದಿಲ್ಲಿ ನಮ್ಮೂರಿನಿಂದ ಬಹಳ ದೂರ ನೋಡಿ, ಉದಾರಿಯಾಗುವುದಕ್ಕೆ ಖರ್ಚು ಬರುವುದಿಲ್ಲ.

ಖರ್ಚು ಬಂದದ್ದು ನಮ್ಮ ಓಣಿಯ ಮಹಿಳಾ ಮಂಡಳದವರು ಅಣಕು ಲೋಕಸಭೆ ನಡೆಸಲು ಹೊರಟು, ನನ್ನ ಹೆಂಡತಿ ಸಾವಿತ್ರಿಯನ್ನು ಸ್ಪೀಕರ್ ಮಾಡಿದಾಗ.

"ಎದಿ ಡವಡವ ಅನ್ನಾಕತ್ತೈತ್ರೀ" ಎಂದಳು.

"ನಾ ಇದ್ದೇನಲ್ಲ, ಯಾಕ ಹೆದರ್ತಿ?" ಎಂದೆ. ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರಬೇಕು. ಪಂಚಾಯ್ತಿಗೆ ಆರಿಸಿ ಬರುವವಳು ಹೆಂಡತಿ, ಮೀಟಿಂಗಿನಲ್ಲಿ ಕುರ್ಚಿ ತುಂಬುವವನು ಗಂಡ. ಸಾವಳಗಿಯ ನನ್ನ ಷಡ್ಡಕನಂತೂ ಹೆಂಡತಿ ಮೆಂಬರ್ ಆದ ಮೇಲೆ ಕೆಮ್ಮುವ ಧಾಟಿಯನ್ನೇ ಬದಲಿಸಿದ್ದಾನೆ. ನಾನೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ, ಯಾರೂ ಕರೆಯದಿದ್ದರೂ ಸ್ಪೀಕರ್ ಪಕ್ಕದಲ್ಲೊಂದು ಕುರ್ಚಿ ಎಳೆದುಕೊಂಡು ಕುಳಿತೆ.

ಮೊದಲ ಮಸೂದೆಯೇ ನನ್ನ ಬುಡಕ್ಕೆ ಬಂತು. ಎದುರು ಮನೆಯ ಗಂಗಕ್ಕ ಎದ್ದು, "ಇನ್ನ ಮ್ಯಾಲ ಮುಂಜಾನಿ ಚಾ ಗಂಡಸ್ರ ಮಾಡಬೇಕ್ರಿ" ಎಂದಳು. ಅಯ್ಯೋ ಶಿವನೇ! ಮುಂಜಾನೆ ಹಾಸಿಗೆಗೇ ಒಂದು ಕಪ್ ಚಹಾ ಬರದಿದ್ದರೆ ನನಗೆ ಕಣ್ಣು ಬಿಡುವುದಿರಲಿ, ನಾನು ಯಾರೆಂಬುದೇ ನೆನಪಾಗುವುದಿಲ್ಲ. ಸಾವಿತ್ರಿಯ ಕಿವಿಯಲ್ಲಿ, "ಇದನ್ನ ಮುಂದ ಹಾಕು, ಸಮಿತಿಗೆ ಕಳಸು" ಎಂದು ಉಸುರಿದೆ. ಅವಳು ಕೇಳಿಸದವಳಂತೆ ಕೂತಿದ್ದಳು. ಕಡೆಗೆ ನಾನೇ ಎದ್ದು ನಿಂತು, "ಸ್ಪೀಕರ್ ಅವರ ಅಭಿಪ್ರಾಯ ಏನಂದ್ರ..." ಎಂದು ಶುರು ಮಾಡಿದೆ.

ಸಾವಿತ್ರಿ ಮೇಜು ಕುಟ್ಟಿದಳು. ಕೈಯಲ್ಲಿದ್ದದ್ದು ನಮ್ಮ ಮನೆಯ ಲಟ್ಟಣಿಗೆ. "ಇವರ್ಯಾರು? ಸದಸ್ಯರಲ್ಲದವರು ಒಳಗ ಹ್ಯಾಂಗ ಬಂದ್ರು? ಮಾರ್ಷಲ್, ಹೊರಗ ಹಾಕ್ರಿ!"

ಮಾರ್ಷಲ್ ಆಗಿದ್ದವಳು ನನ್ನ ಹಡೆದವ್ವ.

"ಯವ್ವಾ, ನಾನಬೇ!" ಎಂದೆ.

"ಗೊತ್ತೈತಿ, ನಡಿಯೋ. ಸ್ಪೀಕರ್ ಹೇಳ್ಯಾರ" ಎಂದು ರಟ್ಟೆ ಹಿಡಿದು ಬಾಗಿಲಾಚೆ ಬಿಟ್ಟಳು. ಮನೆಯಲ್ಲಿ ಸೊಸೆ ಉಪ್ಪು ಅಂದರೆ ಖಾರ ಅನ್ನುವವಳು ಇವಳೇ! ಕಿಟಕಿಯಿಂದ ಇಣುಕಿದರೆ ಎಲ್ಲರ ಕೈಗಳೂ ಮೇಲೆದ್ದಿದ್ದವು. ಮಾರ್ಷಲ್ ಅಂತೂ ಎರಡೂ ಕೈ ಎತ್ತಿದ್ದಳು.

ಮನೆಗೆ ಬರುವಾಗ ನಾನಿನ್ನೂ ಆಸೆ ಬಿಟ್ಟಿರಲಿಲ್ಲ. "ಕಾಯ್ದೆ ಮಾಡೋದು ಬ್ಯಾರೆ, ಜಾರಿ ಆಗೋದು ಬ್ಯಾರೆ. ದಿಲ್ಲಿಯೊಳಗೂ ಹಂಗ ಐತಿ" ಎಂದೆ.

"ನಮ್ಮದು ನಾಳಿ ಮುಂಜಾನಿನ ಜಾರಿ ಆಗತೈತ್ರಿ" ಎಂದಳು ಸಾವಿತ್ರಿ.

ಆಯಿತು. ಹಾಲು ಉಕ್ಕಿಸಿ, ಬೆರಳು ಸುಟ್ಟುಕೊಂಡು, ಸಕ್ಕರೆ ಡಬ್ಬಿ ಹುಡುಕಿ ಹುಡುಕಿ ಬೇಸತ್ತು, ಅಂತೂ ಚಹಾ ಮಾಡಿದೆ. ಅತ್ತೆ ಸೊಸೆ ಇಬ್ಬರೂ ಮಂಚದ ಮೇಲೆ ಒತ್ತಿಕೊಂಡು ಕೂತಿದ್ದರು. ಸಾವಿತ್ರಿ ಒಂದು ಗುಟುಕು ಕುಡಿದು ಕಣ್ಣರಳಿಸಿದಳು.

"ಖರೆನ ಹೇಳತೇನ್ರೀ, ನನಗಿಂತ ಛಲೋ ಮಾಡೀರಿ. ನಾಳಿನೂ ನೀವ ಮಾಡ್ರಿ."

ಅವ್ವ "ಹೂಂ" ಎಂದು ಖಾಲಿ ಕಪ್ಪು ಮುಂದೆ ಚಾಚಿದಳು. ನಾನು ಬುದ್ಧಿಗೇಡಿ, ಅವಿರೋಧವಾಗಿ ಆರಿಸಿ ಬಂದವನ ಹಾಗೆ ಎದೆಯುಬ್ಬಿಸಿ ನಿಂತಿದ್ದೆ.